ಗುಲ್ವಾಡಿಗೆ ಬರುವ ನೆಂಟರು

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಎರಡು ಬಗೆಯ ಜನ ಇರುತ್ತಾರೆ. ಕೆಲವರು ಊರಿಗೆ ಹೊರಟವರು, ಉಳಿದವರು ‘ಟ್ರಿಪ್’ ಹೊರಟವರು. ಊರಿಗೆ ಹೊರಟವರಿಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕು ಎಂದು ನಿದ್ದೆಯಲ್ಲೂ ಗೊತ್ತು. ಟ್ರಿಪ್ಪಿನವರ ಫೋನಿನಲ್ಲಿ ಮರವಂತೆ, ಕೊಲ್ಲೂರು, ಮುರ್ಡೇಶ್ವರ ಎಂದು ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಕುಂದಾಪುರ ಸೀಮೆಯ ಗುಲ್ವಾಡಿ ಇಲ್ಲ. ಅದು ಅಲ್ಲಿ ಸೇರಬೇಕೇ ಬೇಡವೇ ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹೊಳೆಬದಿಯ ಒಂದು ಹಳ್ಳಿ ವಾರಾಂತ್ಯದ ಪ್ರವಾಸಿಗರಿಗೆ ಬಾಗಿಲು ತೆರೆಯುವಾಗ ಆ ಬಾಗಿಲು ಯಾರ ಕೈಯಲ್ಲಿರಬೇಕು ಎಂದು ಕೇಳತೊಡಗಿದರೆ ಪ್ರಶ್ನೆ ದೊಡ್ಡದಾಗುತ್ತದೆ.

ಊರಿನವರನ್ನೇ ಕೇಳಿದರೆ ಉತ್ತರ ಚುಟುಕು. “ಇಲ್ಲ್ ಕಾಂಬುಕ್ ಎಂತ ಇತ್ ಮಾರಾಯ್ರೆ? ಹೊಳಿ ಇತ್ತ್, ಅಷ್ಟೇ.” ಈ ‘ಅಷ್ಟೇ’ಯಲ್ಲಿ ಸಂಕೋಚವೂ ಇದೆ, ಬಂದವನಿಗೆ ಇನ್ನೇನು ತೋರಿಸಲಿ ಎಂಬ ಪೇಚಾಟವೂ ಇದೆ. ಆ ಹೊಳೆ ವಾರಾಹಿ. ಪಶ್ಚಿಮ ಘಟ್ಟದಿಂದ ಇಳಿದು, ಹಾಲಾಡಿ ದಾಟಿ, ಕಂಡ್ಲೂರು, ಗುಲ್ವಾಡಿ, ಬಸ್ರೂರುಗಳ ಬದಿಯಲ್ಲಿ ಸುತ್ತಿ ಬಳಸಿ ಬಂದು, ಕುಂದಾಪುರದ ಹತ್ತಿರ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳ ಜೊತೆ ಸೇರಿ ಪಂಚಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ಬೆಂಗಳೂರಿನಿಂದ ಹೊರಟು ಕಾರವಾರದ ಕಡೆ ಓಡುವ ರೈಲಿಗೂ ಪಂಚಗಂಗಾ ಎಂದೇ ಹೆಸರು. ಆ ರೈಲು ನಿಲ್ಲುವ ಕುಂದಾಪುರ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಬಸ್ರೂರಿನ ಕಡೆಯ ಮೂಡ್ಲಕಟ್ಟೆಯಲ್ಲಿ. ಹಾಗೆ ನೋಡಿದರೆ ರೈಲಿನಿಂದ ಇಳಿದವನಿಗೆ ಕಡಲಿಗಿಂತ ಹೊಳೆಯೇ ಹತ್ತಿರ. ಆದರೂ ಎಲ್ಲರೂ ಕಡಲ ಕಡೆಗೇ ರಿಕ್ಷಾ ಹಿಡಿಯುತ್ತಾರೆ.

ವಾರಾಹಿಯ ಸ್ವಭಾವ ಅರ್ಥವಾಗಬೇಕಾದರೆ ಎರಡು ಸಂಗತಿ ತಿಳಿದಿರಬೇಕು. ಮೇಲೆ ಹೊಸಂಗಡಿಯಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಭೂಗತ ವಿದ್ಯುದಾಗಾರ ಇದೆ. ಅಲ್ಲಿ ಟರ್ಬೈನು ತಿರುಗಿಸಿ ಹೊರಬಿದ್ದ ನೀರು ಕೆಳಗೆ ಹರಿಯುವುದರಿಂದ, ಉಳಿದ ಹೊಳೆಗಳು ಬಡಕಲಾಗುವ ಬೇಸಿಗೆಯಲ್ಲೂ ವಾರಾಹಿಯಲ್ಲಿ ನೀರಿರುತ್ತದೆ. ಕೆಳಗಿನಿಂದ ಉಬ್ಬರದ ಹೊತ್ತಿಗೆ ಉಪ್ಪುನೀರು ಏರಿ ಬರುತ್ತದೆ. ಸಿಹಿನೀರು, ಉಪ್ಪುನೀರುಗಳ ಈ ಹಗ್ಗಜಗ್ಗಾಟದ ನಡುವೆ ಗುಲ್ವಾಡಿ ಕಡೆಯ ಗದ್ದೆ, ತೋಟ, ಬಾವಿಗಳು ಬದುಕುತ್ತವೆ. ಕಿಂಡಿ ಅಣೆಕಟ್ಟಿಗೆ ಹಲಗೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದರ ಮೇಲೆ ಒಂದು ಬೈಲಿನ ಬೆಳೆ ನಿಂತಿರುತ್ತದೆ. ಕೆಳಗೆ ಅಳಿವೆಯ ಕಡೆಗೆ ಹೋದರೆ ಇಳಿತದ ಹೊತ್ತಿನಲ್ಲಿ ಎದೆಮಟ್ಟದ ನೀರಿಗಿಳಿದು ಮಳಿ ಎಂಬ ಚಿಪ್ಪುಮೀನು ಹೆಕ್ಕುವವರು ಕಾಣುತ್ತಾರೆ. ಕಾಲಬೆರಳಲ್ಲಿ ತಡವಿ, ಉಸಿರು ಬಿಗಿಹಿಡಿದು ಮುಳುಗಿ, ಹಿಡಿಮಣ್ಣಿನ ಜೊತೆ ಚಿಪ್ಪು ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಪಾತ್ರೆಗೆ ಹಾಕಿ, ಮತ್ತೆ ಮುಳುಗುತ್ತಾರೆ. ಮಧ್ಯಾಹ್ನದ ಮಳಿ ಸುಕ್ಕದ ಹಿಂದೆ ಇಷ್ಟು ಕೆಲಸ ಇದೆ. ದಡದಲ್ಲಿ ಕುರ್ಚಿ ಹಾಕಿ ಕುಳಿತು ನೋಡಲಿ ಎಂದು ಈ ಹೊಳೆ ಹರಿಯುತ್ತಿಲ್ಲ. ಇದು ದುಡಿಯುವ ಹೊಳೆ. ವಾರಾಂತ್ಯದ ಚರ್ಚೆಯೆಲ್ಲ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ಹಟ.

ಹೊಳೆಬದಿಯ ಊರು ಹೇಗೆ ನೆಂಟರನ್ನು ಕರೆಯಬಹುದು ಎಂಬುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಬ್ರೆಜಿಲ್ ದೇಶದ ಗೊಯಾಸ್ ಎಂಬ ಪಟ್ಟಣ. ಚಿನ್ನದ ಆಸೆಗೆ 1727ರಲ್ಲಿ ಹುಟ್ಟಿದ ಊರು ಅದು. ಊರ ನಡುವೆ ಹರಿಯುವ ಹೊಳೆಗೆ ಅವರ ಭಾಷೆಯಲ್ಲಿ ಕೆಂಪು ಹೊಳೆ ಎಂದು ಹೆಸರು. ಚಿನ್ನ ಮುಗಿಯಿತು. 1937ರಲ್ಲಿ ರಾಜ್ಯದ ರಾಜಧಾನಿ ಪಟ್ಟವೂ ಹೊಸ ನಗರ ಗೊಯಾನಿಯಾಕ್ಕೆ ಹೋಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿಲ್ಲದೆ ಹೋದದ್ದರಿಂದಲೇ ಊರು ಹಾಗೇ ಉಳಿಯಿತು ಎನ್ನಬೇಕು. ಈಗ ಸುಮಾರು 140 ಕಿ.ಮೀ. ದೂರದ ಗೊಯಾನಿಯಾದವರಿಗೆ ಅದು ಶನಿವಾರ, ಭಾನುವಾರ ಹೋಗಿಬರುವ ಜಾಗ.

ಆ ಊರಿನ ಸೇತುವೆಯ ಮಗ್ಗುಲಿಗೆ ಹೊಳೆಗೆ ತಾಗಿದಂತೆ ಒಂದು ಹಳೆಯ ಮನೆ ಇದೆ. ಕೋರಾ ಕೊರಾಲಿನಾ ಎಂಬ ಹೆಸರಿನಲ್ಲಿ ಬರೆದ ಕವಯಿತ್ರಿಯ ಮನೆ. 1889ರಲ್ಲಿ ಹುಟ್ಟಿದ ಆಕೆ 1911ರಲ್ಲಿ ಊರು ಬಿಟ್ಟು, 1956ರಲ್ಲಿ ಮರಳಿ ಬಂದು, ಹಣ್ಣುಗಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಸಿಹಿ ಮಾಡಿ ಮಾರುತ್ತ ಬದುಕಿದರು. ಮೊದಲ ಪುಸ್ತಕ ಹೊರಬಂದದ್ದು 1965ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ. 1985ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷದ ನಂತರ ಮನೆ ಮ್ಯೂಸಿಯಂ ಆಯಿತು. 2001ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ತಿಂಗಳ 31ರಂದು ಹೊಳೆ ಉಕ್ಕಿ ಸೇತುವೆ ಬದಿಯ ಆ ಮನೆಗೇ ನುಗ್ಗಿತು. ಪಟ್ಟಿಯಲ್ಲಿ ಹೆಸರು ಬಂದದ್ದು ಹೊಳೆಗೆ ಗೊತ್ತಿರಲಿಲ್ಲ. ಜನ ಮತ್ತೆ ದುರಸ್ತಿ ಮಾಡಿಕೊಂಡರು. ಬರುವವರಿಗೆ ಆ ಊರು ತೋರಿಸುವುದು ಇಷ್ಟೇ: ಒಬ್ಬ ಲೇಖಕಿಯ ಅಡುಗೆಮನೆ, ಹೊಳೆ, ಕಲ್ಲು ಹಾಸಿದ ಬೀದಿ, ಸಿಹಿತಿಂಡಿ.

ಗುಲ್ವಾಡಿಯ ಹೆಸರಿನ ಜೊತೆ ಇರುವ ಲೇಖಕ ಇದಕ್ಕಿಂತ ಕಡಿಮೆಯವರಲ್ಲ. ಗುಲ್ವಾಡಿ ವೆಂಕಟರಾಯರ (1844–1913) ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಸಾಹಿತ್ಯ ಚರಿತ್ರೆ ಅದನ್ನು ಕರೆಯುತ್ತದೆ. ನಾಲ್ಕೇ ವರ್ಷದಲ್ಲಿ, 1903ರಲ್ಲಿ, ಕೌಚ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಇಂಗ್ಲಿಷಿಗೆ ತಂದರು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮತ್ತೊಮ್ಮೆ ಅನುವಾದಿಸಿದರು. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಕಪಟ ಭಕ್ತಿ, ಲಂಚ, ವಿಧವೆಯ ಸಂಕಟ ಇವನ್ನು ಅವರು ಬರೆದ ರೀತಿಯಲ್ಲಿ ಠಾಣೆಯಲ್ಲಿ ಕುಳಿತು ಊರಿನ ಗುಟ್ಟುಗಳನ್ನು ಕೇಳಿದವನ ಕಿವಿ ಇದೆ ಎಂದು ನನಗನ್ನಿಸುತ್ತದೆ. ಅವರಂತೆ ಈ ಭಾಗದ ಚಿತ್ರಾಪುರ ಸಾರಸ್ವತರು ಊರಿನ ಹೆಸರನ್ನೇ ಮನೆತನದ ಹೆಸರಾಗಿ ಕಟ್ಟಿಕೊಂಡು ಹೊರಟವರು. ಪಡುಕೋಣೆ, ತ್ರಾಸಿ, ಬಿಜೂರು, ಹಟ್ಟಿಯಂಗಡಿ, ಬಸ್ರೂರು, ಗುಲ್ವಾಡಿ, ಹೀಗೆ ಕುಂದಾಪುರ ಸೀಮೆಯ ಭೂಪಟವೇ ಮುಂಬಯಿಯ ಫ್ಲ್ಯಾಟುಗಳ ಹೆಸರುಫಲಕದಲ್ಲಿ ಸಿಗುತ್ತದೆ. ಗುರುದತ್ತ್, ಪ್ರಕಾಶ್ ಪಡುಕೋಣೆಯವರಿಂದಾಗಿ ಪಡುಕೋಣೆ ಜಗತ್ತಿಗೇ ಗೊತ್ತು, ಆದರೆ ಅದು ಸೌಪರ್ಣಿಕೆಯ ಬದಿಯ ಒಂದು ಹಳ್ಳಿ ಎಂಬುದು ಗೊತ್ತಿರುವವರು ಎಷ್ಟು ಜನ?

ಹೊಳೆಯಾಚೆಯ ಬಸ್ರೂರನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಒಂದು ಕಾಲಕ್ಕೆ ಇಡೀ ಪಶ್ಚಿಮ ಕರಾವಳಿಯಲ್ಲಿ ಅಕ್ಕಿಗೆ ಹೆಸರಾದ ಬಂದರು ಅದು. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಹಿಡಿದರು. ಗೋವೆಯ ಹೊಟ್ಟೆ ತುಂಬುತ್ತಿದ್ದುದರಲ್ಲಿ ಇಲ್ಲಿನ ಅಕ್ಕಿಯ ಪಾಲು ದೊಡ್ಡದು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಇದೇ ಬಸ್ರೂರನ್ನು ಸೂರೆ ಮಾಡಿದ. ಬ್ರೆಜಿಲಿಗೂ ಬಸ್ರೂರಿಗೂ ಏನು ನಂಟು ಎಂದು ಕೇಳುವವರು ಗುಲ್ವಾಡಿಯ ಗುಡ್ಡೆಗಳಲ್ಲಿನ ಗೇರುಮರ ನೋಡಲಿ. ಬ್ರೆಜಿಲ್‌ನ ಈಶಾನ್ಯ ಕರಾವಳಿಯ ಆ ಮರವನ್ನು ನಮ್ಮ ಕರಾವಳಿಗೆ ದಾಟಿಸಿದವರು ಇದೇ ಪೋರ್ಚುಗೀಸರು. ಕುಂದಾಪುರ ಸುತ್ತಿನ ಗೇರುಬೀಜದ ಕಾರ್ಖಾನೆಗಳಲ್ಲಿ ದಿನವಿಡೀ ಬೀಜ ಸುಲಿಯುವ ಹೆಂಗಸರ ಸಂಬಳದ ಬೇರು ಸಮುದ್ರದಾಚೆಯ ಆ ಮಣ್ಣಿನಲ್ಲಿದೆ.

ಚರಿತ್ರೆ ಇದೆ, ಕಾದಂಬರಿಕಾರ ಇದ್ದಾರೆ, ಹೊಳೆ ಇದೆ, ಸೌಕೂರಿನ ದುರ್ಗಾಪರಮೇಶ್ವರಿ ದೇವಸ್ಥಾನ ಇದೆ, ಅದರ ಹೆಸರಿನ ಯಕ್ಷಗಾನ ಮೇಳವೂ ಇದೆ. ಇಷ್ಟಿದ್ದೂ ಭಾನುವಾರ ಮಧ್ಯಾಹ್ನ ಗುಲ್ವಾಡಿಗೆ ಬಂದ ಅಪರಿಚಿತ ಒಂದು ಊಟಕ್ಕೆ, ಒಂದು ರಾತ್ರಿಯ ಹಾಸಿಗೆಗೆ ಪೇಟೆಗೇ ವಾಪಸು ಹೋಗಬೇಕು. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿಲ್ಲ. ಏಕೆಂದರೆ ಪರವೂರಿನವರಿಗೆ ಉಣಿಸುವುದನ್ನೇ ಕಸುಬು ಮಾಡಿಕೊಂಡ ಸೀಮೆ ಇದು. ಬೆಂಗಳೂರು, ಮುಂಬಯಿ, ಹುಬ್ಬಳ್ಳಿಗಳ ಎಷ್ಟು ಹೋಟೆಲುಗಳ ಗಲ್ಲಾದಲ್ಲಿ, ಅಡುಗೆಮನೆಯಲ್ಲಿ, ಟೇಬಲ್ ಒರೆಸುವ ಕೆಲಸದಲ್ಲಿ ಕುಂದಾಪುರ ಕನ್ನಡ ಕೇಳಿಬರುವುದಿಲ್ಲ! ಹತ್ತು ವರ್ಷದ ಹುಡುಗರಾಗಿ ಬಸ್ಸು ಹತ್ತಿ, ಲೋಟ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಮಾಲೀಕರಾದವರ ಕತೆ ಇಲ್ಲಿ ಪ್ರತಿ ಬೈಲಿನಲ್ಲೂ ಒಂದೊಂದಿದೆ. ಆತಿಥ್ಯದ ಅಷ್ಟೂ ಜಾಣ್ಮೆ ಹೊರಗೆ ದುಡಿಯುತ್ತಿದೆ, ಊರಲ್ಲಿ ಮನೆಗಳಿಗೆ ಬೀಗ ಬಿದ್ದಿದೆ. 1974ರ ಭೂಸುಧಾರಣೆಯ ನಂತರ ಒಡೆತನ ಕೈಬದಲಾಯಿತು, ಬದಲಾಗಬೇಕಾದದ್ದೇ. ಆದರೆ ಗೇಣಿದಾರನ ಮಕ್ಕಳೂ ಒಡೆಯನ ಮಕ್ಕಳೂ ಕೊನೆಗೆ ಒಂದೇ ಬಸ್ಸು ಹತ್ತಿದರು. ಹೊರಗಿನ ದುಡ್ಡು ಊರಿಗೆ ಬಂದಾಗ ಹೆಂಚಿನ ಮನೆ ಕೆಡವಿ ತಾರಸಿ ಏರಿತು. ಗೊಯಾಸ್‌ನಲ್ಲಿ ಬಡತನ ಉಳಿಸಿದ್ದನ್ನು ಇಲ್ಲಿ ಸಂಪಾದನೆ ಅಳಿಸಿತು. ವಾರಾಹಿಯ ಬದಿಯ ಆವೆಮಣ್ಣಿನಿಂದ ಹೆಂಚು ಸುಟ್ಟು ಊರೂರಿಗೆ ಕಳಿಸಿದ ಸೀಮೆಯಲ್ಲೇ ಹೆಂಚಿನ ಮಾಡು ಅಪರೂಪವಾಗುತ್ತಿದೆ.

ಮನೆಗಳಿಗೆ ಬಿದ್ದ ಈ ಬೀಗಗಳನ್ನು ತೆಗೆಯಲು ಎರಡು ದಾರಿ ಇವೆ. ಒಂದು, ಹೊರಗಿನವರು ಬಂದು ಹೊಳೆಬದಿಯ ಜಾಗ ಖರೀದಿಸಿ ರಿಸಾರ್ಟ್ ಮಾಡುವುದು. ಆಗ ಊರಿನವರಿಗೆ ಸಿಗುವುದು ವಾಚ್‌ಮನ್ ಕೆಲಸ, ಹಾಸಿಗೆ ಮಡಚುವ ಕೆಲಸ. ಉದ್ಯೋಗ ಎಂದು ಅದನ್ನೂ ಸಮರ್ಥಿಸುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ. ತಿಂಗಳ ಸಂಬಳ ಸಣ್ಣದಲ್ಲ. ಆದರೆ ರಿಸಾರ್ಟ್ ಮೊದಲು ಮಾಡುವ ಕೆಲಸ ದಡಕ್ಕೆ ಬೇಲಿ ಹಾಕುವುದು. ಗಂಟಿ (ದನಕರು) ಇಳಿಯುತ್ತಿದ್ದ, ದೋಣಿ ಕಟ್ಟುತ್ತಿದ್ದ, ಬಲೆ ಒಣಗಿಸುತ್ತಿದ್ದ ಜಾಗ ‘ರಿವರ್ ವ್ಯೂ’ ಆಗುತ್ತದೆ. ಉಬ್ಬರವಿಳಿತ ಇರುವ ಹೊಳೆಯ ದಡಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ ಎಂಬುದು ಜಾಗ ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಕಡುಬೇಸಿಗೆಯಲ್ಲಿ ಸಾವಿರಕ್ಕೆ ಐದು ಭಾಗ ಉಪ್ಪಿನಂಶ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಆ ನಿಯಮದ ಕೈ ಚಾಚಿದೆ. ಉಪ್ಪುನೀರನ್ನು ರೈತ ಶಪಿಸುತ್ತಾನೆ, ಆದರೆ ಆ ಉಪ್ಪಿನ ಗೆರೆಯೇ ಅವನ ದಡಕ್ಕೆ ಕಾನೂನಿನ ಕಾವಲು.

ಹೊಳೆಯನ್ನು ದುಡ್ಡಾಗಿ ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2017ರ ಏಪ್ರಿಲ್ ಮೊದಲ ವಾರದಲ್ಲಿ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ರಾತ್ರಿ ಹೋದ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಯ ಮೇಲೆ ದಾಳಿ ನಡೆಯಿತು. ಇಬ್ಬರೂ ಮಹಿಳೆಯರು. ಮರಳು ಎಲ್ಲಿಗೆ ಹೋಗುತ್ತಿತ್ತು? ಕಟ್ಟಡಗಳಿಗೆ. ನಗರದವನ ಮನೆ ವಾರಾಹಿಯ ತಳ ಅಗೆದು ಏಳುತ್ತದೆ, ಆ ಮನೆಯಲ್ಲಿ ವಾರವಿಡೀ ಬೇಸತ್ತವನು ಶನಿವಾರ ಇದೇ ಹೊಳೆಯ ಬದಿಗೆ ಉಸಿರಾಡಲು ಬರುತ್ತಾನೆ. ತಳದ ಮರಳು ಹೋದರೆ ಮಳಿಯ ನೆಲೆಯೂ ಹೋಗುತ್ತದೆ, ದಡವೂ ಜರಿಯುತ್ತದೆ. ಪ್ರವಾಸೋದ್ಯಮ ಹೊಗೆ ಕಾರದ ಉದ್ಯಮ ಎನ್ನುವವರು ಈ ಲೆಕ್ಕವನ್ನೂ ಹಾಕಬೇಕು.

ಇನ್ನೊಂದು ದಾರಿ, ಬೀಗದ ಕೈ ಇರುವವರೇ ಬಾಗಿಲು ತೆಗೆಯುವುದು. ಮನೆಯವರು ಅಲ್ಲೇ ಇರುವ, ಎರಡು ಮೂರು ಕೋಣೆ ಮಾತ್ರ ಬಿಟ್ಟುಕೊಡುವ, ತಮ್ಮ ಒಲೆಯ ಅಡುಗೆಯನ್ನೇ ಬಡಿಸುವ ವಸತಿ. ಹೋಮ್‌ಸ್ಟೇ ಎಂಬುದರ ಮೂಲ ಕಲ್ಪನೆಯೇ ಇದು, ಆದರೆ ನಮ್ಮಲ್ಲಿ ಬಾಡಿಗೆಗೆ ಹಿಡಿದ ಖಾಲಿ ಬಂಗಲೆಗೂ ಅದೇ ಬೋರ್ಡು. ಕುಚ್ಚಲಕ್ಕಿ ಗಂಜಿ, ಕೊಟ್ಟೆ ಕಡುಬು, ಹೊಳೆಮೀನಿನ ಸಾರು, ಮಳೆಗಾಲವಾದರೆ ಪತ್ರೊಡೆ. ಇದಕ್ಕೆ ಬಾಣಸಿಗ ಬೇಕಿಲ್ಲ. ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾ ನೋಡಿ ಊರಿಗೆ ಮರಳಿದ ಹಿರಿಯರಿಗಿಂತ ಚೆನ್ನಾಗಿ ಇದನ್ನು ನಡೆಸಬಲ್ಲವರೂ ಇಲ್ಲ.

ಊರಿನವರ ಹೆದರಿಕೆ ಬೇರೆ ಇದೆ. ಹೋಮ್‌ಸ್ಟೇ ಎಂದರೆ ಕುಡಿತ, ಡಿಜೆ, ಹೊಳೆಗೆ ಬಾಟಲಿ ಎಂಬ ಮಾತು ಇಲ್ಲಿ ಸಾಮಾನ್ಯ, ಸುಳ್ಳೂ ಅಲ್ಲ. ಗದ್ದಲಕ್ಕೆ, ಗಾಜಿನ ಚೂರಿಗೆ ನಿಯಮ ಹಾಕಿ, ದಂಡ ಹಾಕಿ ಎನ್ನಬಹುದು. ಆದರೆ ಈ ಹೆದರಿಕೆಯ ಬೆನ್ನಿಗೆ ಇನ್ನೊಂದು ಸೇರಿಕೊಂಡಿದೆ: ಬಂದವರು ಯಾರು, ಯಾವ ಜಾತಿ, ಯಾವ ಧರ್ಮ, ಆ ಹುಡುಗಿಯ ಜೊತೆಗಿರುವ ಹುಡುಗ ಯಾರು. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಮ್‌ಸ್ಟೇ ಒಂದಕ್ಕೆ ನುಗ್ಗಿ ಹುಡುಗ ಹುಡುಗಿಯರನ್ನು ಹೊಡೆದದ್ದನ್ನು ದೇಶ ಟಿವಿಯಲ್ಲಿ ನೋಡಿತು. ಕರಾವಳಿಗೆ ನೆಂಟರನ್ನು ಕರೆಯುವ ಯಾವ ಮಾತೂ ಇದನ್ನು ಮರೆಮಾಚಿ ಆಡಬಾರದು. ಬಾಟಲಿ ಎಸೆದವನಿಗೆ ದಂಡ ಹಾಕುವುದು ಊರಿನ ಹಕ್ಕು. ಹುಡುಗಿಯೊಬ್ಬಳು ಯಾರ ಜೊತೆ ಹೊಳೆಬದಿಯಲ್ಲಿ ಕುಳಿತಿದ್ದಾಳೆ ಎಂದು ವಿಚಾರಿಸುವುದು ಯಾರ ಹಕ್ಕೂ ಅಲ್ಲ. ಇವೆರಡರ ನಡುವಿನ ಗೆರೆ ಗೊತ್ತಿಲ್ಲದ ಊರು ಬೋರ್ಡು ಹಾಕದಿರುವುದೇ ಮೇಲು.

ವೆಂಕಟರಾಯರ ಕಾದಂಬರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆ, ಹೆತ್ತವರ ಮನೆಯಲ್ಲಿ ಧರ್ಮದ ಹೆಸರಿನಲ್ಲಿ ನಡೆಯುವ ಹುನ್ನಾರದಿಂದ ತಪ್ಪಿಸಿಕೊಂಡು ಅಮೃತರಾಯರ ಮನೆ ಸೇರುತ್ತಾಳೆ. ಊರು ಏನನ್ನುತ್ತದೆ ಎಂದು ಲೆಕ್ಕ ಹಾಕದೆ ಅವರು ಆಶ್ರಯ ಕೊಡುತ್ತಾರೆ. ಅವಳು ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಅಪರಿಚಿತ ಹೆಣ್ಣಿಗೆ ಬಾಗಿಲು ತೆರೆದ ಮನೆಯೊಂದು ಊರಿನ ಬಾಯಿಗೆ ಹೆದರದೆ ನಿಂತದ್ದೇ ಆ ಕತೆಯ ತಿರುವು. 1899ರ ಪೊಲೀಸ್ ಅಧಿಕಾರಿಗೆ ಗೊತ್ತಿದ್ದ ಆತಿಥ್ಯದ ಅರ್ಥ ಇವತ್ತಿನ ಕರಾವಳಿಗೆ ಮರೆತುಹೋಗಿರುವುದಾದರೆ, ಆ ಪುಸ್ತಕದ ಹೆಸರಿನಲ್ಲಿ ಹೊಳೆಬದಿಯಲ್ಲಿ ಒಂದು ಕೋಣೆ ಮಾಡಿ ಬಾಗಿಲಿಗೆ ಅದನ್ನು ಬರೆಸುವುದು ತೀರ ಅನಗತ್ಯವೇನಲ್ಲ. ಕೋಟಿಗಟ್ಟಲೆಯ ಸ್ಮಾರಕ ಬೇಡ. ಹೆಂಚು ಹೊದೆಸಿದ ಒಂದು ಹಳೆಯ ಮನೆ, ‘ಇಂದಿರಾಬಾಯಿ’ಯ ಬೇರೆ ಬೇರೆ ಮುದ್ರಣಗಳು, ಎರಡು ಅನುವಾದ, ಕುಳಿತು ಓದಲು ಬೆಂಚು, ಇಷ್ಟು ಸಾಕು.

ಗ್ರಾಮ ಪಂಚಾಯಿತಿಯಿಂದ ಇದೆಲ್ಲ ಆಗುತ್ತದೆಯೇ ಎಂದು ಮೂಗು ಮುರಿಯುವವರು ಕೋಟಕ್ಕೆ ಹೋಗಿಬರಲಿ. ಕೋಟತಟ್ಟು ಪಂಚಾಯಿತಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕನ್ನು ನಡೆಸಿಕೊಂಡು ಬಂದಿದೆ. ಸಾಲಿಗ್ರಾಮದ ಪಾರಂಪಳ್ಳಿ ಕಡೆ ಸೀತಾ ಹೊಳೆಯ ಕಾಂಡ್ಲಾ ಕಾಡಿನ ನಡುವೆ ಸ್ಥಳೀಯರೇ ಕಯಾಕಿಂಗ್ ಮಾಡಿಸುತ್ತಾರೆ. ಲೇಖಕರ ಊರುಗಳೂ ಇನ್ನಷ್ಟಿವೆ: ಬೈಂದೂರು ಕಡೆಯ ಮೊಗೇರಿಯಲ್ಲಿ ಗೋಪಾಲಕೃಷ್ಣ ಅಡಿಗರು ಹುಟ್ಟಿದರು, ಕುಂದಾಪುರ ಪೇಟೆ ವೈದೇಹಿಯವರ ತವರು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದರೂ ಹೊಳೆಗಳು, ಮಾತು, ಊಟ ಒಂದೇ. ಈ ಊರುಗಳನ್ನು ಒಂದು ದಾರದಲ್ಲಿ ಪೋಣಿಸಿದರೆ ಎರಡು ದಿನದ ವಾರಾಂತ್ಯ ಸಾಲದು. ಪ್ರವಾಸೋದ್ಯಮ ಇಲಾಖೆಗೆ ಕಡಲತೀರ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂಬ ದೂರು ನನ್ನದು, ಆದರೆ ನಮ್ಮ ಊರಿನ ಜನರೇ ‘ಹೊಳಿ ಇತ್ತ್, ಅಷ್ಟೇ’ ಎನ್ನುವಾಗ ಇಲಾಖೆಯನ್ನು ಎಷ್ಟೆಂದು ಬೈಯುವುದು?

ಗುಲ್ವಾಡಿಯ ಗ್ರಾಮಸಭೆ ಮಾಡಬೇಕಾದ ಕೆಲಸ ಒಂದಿದೆ, ಅದು ಮೊದಲ ರಿಸಾರ್ಟಿನ ಅರ್ಜಿ ಬರುವ ಮೊದಲೇ ಆಗಬೇಕು. ದಡಕ್ಕೆ ಬೇಲಿ ಬೇಡ, ದೋಣಿಗಳು ತಂಗುವ ಜಾಗ ಮತ್ತು ಗಂಟಿ ಇಳಿಯುವ ದಾರಿ ಊರಿನದೇ ಆಗಿ ಉಳಿಯಬೇಕು, ಮನೆಯವರು ವಾಸವಿಲ್ಲದ ವಸತಿಗೆ ಪರವಾನಗಿ ಇಲ್ಲ, ಬಂದವರನ್ನು ಯಾರೆಂದು ಕೇಳುವ ಗುಂಪಿಗೆ ಊರಿನ ಬೆಂಬಲ ಇಲ್ಲ ಎಂದು ಬರೆದಿಡಬೇಕು. ಅರ್ಜಿ ಬಂದ ಮೇಲೆ ಬರೆಯಲು ಕುಳಿತರೆ ಪೆನ್ನು ಇನ್ನೊಬ್ಬರ ಕೈಯಲ್ಲಿರುತ್ತದೆ.

ಓದುಗರಲ್ಲೂ ಒಂದು ಮಾತು. ಬರುವುದಾದರೆ ಯಕ್ಷಗಾನ ಮೇಳಗಳ ತಿರುಗಾಟ ಇರುವಾಗ, ನವೆಂಬರ್ ಕಳೆದ ಮೇಲೆ, ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯೊಳಗೆ ಬನ್ನಿ. ಹತ್ತಿರದಲ್ಲಿ ಎಲ್ಲಿ ಆಟ ಇದೆ ಎಂದು ವಿಚಾರಿಸಿ, ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು ನೋಡಿ. ‘ಇಂದಿರಾಬಾಯಿ’ಯನ್ನು ಬರುವ ಮೊದಲೇ ಓದಿಕೊಂಡಿದ್ದರೆ ಮಾತಿಗೆ ಅನುಕೂಲ. ಊಟ ಬೇಕಿದ್ದರೆ ಹಿಂದಿನ ದಿನವೇ ಊರಿನ ಯಾವುದಾದರೂ ಮನೆಯವರಿಗೆ ಹೇಳಿ. ಹೊಳೆಗಿಳಿಯುವ ಮುನ್ನ ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಊರಿನವರನ್ನು ಕೇಳಿ.